ಎಣ್ಣೆ ಬಿಡದ ಅಮೆರಿಕದ ಡಬ್ಬಿ

ದೇವರು ಮನುಷ್ಯನಿಗೆ ನಾಲಿಗೆ ಕೊಟ್ಟದ್ದು ಎರಡು ಕೆಲಸಕ್ಕೆ. ಒಂದು ರುಚಿ ನೋಡುವುದಕ್ಕೆ, ಇನ್ನೊಂದು ಮಾತಾಡುವುದಕ್ಕೆ. ಬಾಯಿ ತುಂಬಿರುವಾಗಲಾದರೂ ಎರಡನೆಯದು ನಿಲ್ಲಲಿ ಎಂಬುದು ಅವನ ಎಣಿಕೆ ಇದ್ದಿರಬೇಕು. ಆದರೆ ದುಬೈನ ಡಿಸ್ಕವರಿ ಗಾರ್ಡನ್ಸಿನಲ್ಲಿ, ಎರಡನೆಯ ಮಹಡಿಯ ಮನೆಯೊಂದರಲ್ಲಿ ವಾಸವಾಗಿದ್ದ ಶ್ರೀನಿವಾಸಮೂರ್ತಿಗಳು ಬಾಯಿ ತುಂಬ ಚಪಾತಿ ಇಟ್ಟುಕೊಂಡೇ ಮಾತಾಡುವ ಸಾಧನೆ ಮಾಡಿದ್ದರು. ಈ ಕಥೆ ಹುಟ್ಟಿದ್ದು ಆ ಸಾಧನೆಯಿಂದ. ಕಾಲು ಚಾಚಿ ಕೂತು ಕೇಳಿ. ಇದರಲ್ಲಿ ಯಾರೂ ಸಾಯುವುದಿಲ್ಲ, ಒಂದು ಸುಳ್ಳಿನ ಹೊರತು.

ಮೂರ್ತಿಗಳು ಮೈಸೂರಿನವರು. ಜುಮೇರಾ ಲೇಕ್ ಟವರ್ಸಿನ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ, ಪ್ರತಿಯೊಂದು ಕಾಗದಕ್ಕೂ ಸರಿಯಾದ ನಂಬರು ಇದೆಯೇ, ಅದು ಎಷ್ಟನೆಯ ತಿದ್ದುಪಡಿ, ಕೆಳಗೆ ಸಹಿ ಬಿದ್ದಿದೆಯೇ ಎಂದು ನೋಡುವ ಉದ್ಯೋಗ. ದಿನವಿಡೀ ಕಾಗದದ ತಪ್ಪು ಹುಡುಕುವವರಿಗೆ ಮನೆಗೆ ಬಂದ ಮೇಲೆ ಮಾತಿನ ತಪ್ಪು ಹುಡುಕಲು ತ್ರಾಣವಿರುವುದಿಲ್ಲ.

ಅವರ ಹೆಂಡತಿ ಚಾಮುಂಡೇಶ್ವರಿ. ಆಕೆಯ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಒಳಗೂ ಹೊರಗೆ ಬರೆದಿರುವ ಪದಾರ್ಥ ಇರಲಿಲ್ಲ. ಕಾಫಿಯ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿ ದಾರ, ಕಿತ್ತಳೆ ಶರಬತ್ತಿನ ಪುಡಿಯ ಡಬ್ಬಿಯಲ್ಲಿ ರಂಗೋಲಿ. ಇದು ಮೋಸವಲ್ಲ, ಸಂಪ್ರದಾಯ. ಗಟ್ಟಿಮುಟ್ಟಾದ ಡಬ್ಬಿಯನ್ನು ಕಸಕ್ಕೆ ಹಾಕಿದ ಹೆಂಗಸಿನ ಕೈಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಆಕೆ ನಂಬಿದ್ದರು.

ಎರಡೂವರೆ ವರ್ಷದ ಹಿಂದೆ ಹನ್ನೊಂದು ವರ್ಷದ ಮಗಳು ಹಿತಾ ಹಟ ಹಿಡಿದಳೆಂದು ನೀಲಿ ಮುಚ್ಚಳದ ಒಂದು ಅಮೆರಿಕದ ಪೀನಟ್ ಬಟರ್ ಆ ಮನೆಗೆ ಬಂತು. ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಲೋಕಕ್ಕೆಲ್ಲ ಗೊತ್ತಿರುವ ಹೆಸರು. ಹೇಳಿದರೆ ಅವರಿಗೆ ಪುಕ್ಕಟೆ ಜಾಹೀರಾತು, ನನಗೆ ಪುಕ್ಕಟೆ ವಕೀಲರ ನೋಟೀಸು. ಒಂಬತ್ತು ದಿನದಲ್ಲಿ ಡಬ್ಬಿ ಖಾಲಿಯಾಯಿತು. ಚಾಮುಂಡೇಶ್ವರಿ ಅದನ್ನು ಬಿಸಿನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಊದಿ, ಉಪ್ಪು, ಚೂರು ಬೆಲ್ಲ, ಒಂದು ಚಿಟಿಕೆ ಜೀರಿಗೆ ಸೇರಿಸಿ ಮಿಕ್ಸಿಯಲ್ಲಿ ರುಬ್ಬಿ ತುಂಬಿಸಿದರು. ಅಂದಿನಿಂದ ಆ ಡಬ್ಬಿ ಖಾಲಿಯಾದದ್ದುಂಟು, ಅಂಗಡಿಗೆ ಹೋದದ್ದಿಲ್ಲ.

ಪಕ್ಕದ ಮನೆಯವರು ನಾರ್ಬರ್ಟ್ ಪಾಯ್ಸ್. ಮಂಗಳೂರು ಕಡೆಯವರು. ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲಿ ದಿನಸಿ ವಿಭಾಗಕ್ಕೆ ಹೊಸದಾಗಿ ಸೂಪರ್‌ವೈಸರ್ ಆಗಿ ಸೇರಿದ್ದರು. ಅವರ ಹೆಂಡತಿ ಎಲ್ಸಿ ಒಂದು ದಿನ ಊಟದ ಮೇಜಿನ ಮೇಲೆ ಈ ಡಬ್ಬಿಯನ್ನು ಕಂಡು, "ಹೋ, ನೀವು ಅಮೆರಿಕದ್ದೇ ತಿನ್ನುದಾ?" ಎಂದು ಕೇಳಿದರು.

"ಇಲ್ಲ" ಅನ್ನಲು ಎರಡೇ ಅಕ್ಷರ ಸಾಕಿತ್ತು. ಮೂರ್ತಿಗಳ ಬಾಯಲ್ಲಿ ಆಗ ಚಪಾತಿ ಇತ್ತು. ಚಪಾತಿಯ ಸಂದಿಯಿಂದ ಹೊರಟ ಮಾತು ಹೀಗಿತ್ತು: "ನಮ್ಮನೇಲಿ ಬೇರೇದು ಮುಟ್ಟಲ್ಲ ಕಣಮ್ಮ."

ಆಡಿದ ಮಾತಿಗೆ ಆಧಾರ ಬೇಕಲ್ಲ. ಮರುದಿನ ಮೆಟ್ರೋದಲ್ಲಿ ನಿಂತುಕೊಂಡೇ ಫೋನಿನಲ್ಲಿ ಆ ಕಂಪನಿಯ ಚರಿತ್ರೆಯನ್ನು ಓದಿ ಮುಗಿಸಿದರು. ಮುಂದಿನ ಶನಿವಾರ ನಾರ್ಬರ್ಟ್ ಎಂದಿನಂತೆ ಕಾಫಿಗೆ ಬಂದಾಗ ಪುರಾಣ ಶುರುವಾಯಿತು.

"ನೋಡಿ ನಾರ್ಬರ್ಟ್, ತೊಂಬತ್ತು ವರ್ಷದ ಹಿಂದೆ ಪೀನಟ್ ಬಟರ್ ಅಂದ್ರೆ ಒಂದು ಶಾಪ. ಅಂಗಡಿಯೋನು ಪೀಪಾಯಿಲಿ ಇಟ್ಕೊಂಡಿರ್ತಿದ್ದ. ಎಣ್ಣೆ ಮೇಲೆ, ಬೀಜ ಕೆಳಗೆ. ಮರದ ಸಟ್ಟುಗ ಹಿಡ್ಕೊಂಡು ತಿರುವಿ ತಿರುವಿ ಅವನ ತೋಳು ಬಿದ್ದುಹೋಗ್ತಿತ್ತು."

"ಹೌದಾ ಮಾರಾಯ್ರೆ?"

"ಆಗ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಪುಣ್ಯಾತ್ಮ ತಪಸ್ಸಿಗೆ ಕೂತ. ಆ ಎಣ್ಣೆಯ ಗುಣವನ್ನೇ ಬದಲಾಯಿಸಿಬಿಟ್ಟ. ಬೆಣ್ಣೆ ಕಡೆದ ಹಾಗೆ ಕಡೆದ. ಅಲ್ಲಿಗೆ ಎಣ್ಣೆ ತೇಲೋದು ಬಂದ್! ಆಮೇಲೆ ಹಲ್ಲಿಗೆ ಕೆಲಸ ಬೇಕು ಅನ್ನೋರಿಗೆ ಬೀಜದ ಚೂರು ಹಾಕಿದ್ದೂ ಅವನೇ. ಇವತ್ತಿಗೂ ಈ ಡಬ್ಬೀನ ಒಂದು ವರ್ಷ ಇಡಿ, ಒಂದು ತೊಟ್ಟು ಎಣ್ಣೆ ಮೇಲೆ ಬಂದ್ರೆ ನನ್ನ ಹೆಸರು ಬದಲಾಯಿಸಿ."

ಪುರಾಣ ಮೂರು ಶನಿವಾರ ನಡೆಯಿತು. ಪುರಾಣ ಹೇಳುವಾಗ ಡಬ್ಬಿ ಮಾತ್ರ ಎತ್ತರದ ಕಪಾಟಿನಲ್ಲಿ, ಬೆಳಕು ಬೀಳದ ಕಡೆ ಇರುತ್ತಿತ್ತು. ನಾರ್ಬರ್ಟ್ ಅದನ್ನು ಭಕ್ತಿಯಿಂದ ಕೇಳಿ, ತಮ್ಮ ಅಂಗಡಿಯಲ್ಲಿ ಆ ಡಬ್ಬಿಗಳನ್ನು ಕಣ್ಣಿನ ಎತ್ತರದ ಸಾಲಿಗೆ ಏರಿಸಿದರು. ಮೂರ್ತಿಗಳಿಗೆ ಮೈಸೂರು ಪೇಟ ತೊಡಿಸಿದಷ್ಟು ಸಂತೋಷವಾಯಿತು.

ನಾಲ್ಕನೆಯ ಶನಿವಾರ ಆಗಸ್ಟಿನ ಬಿಸಿಲು. ಶಾಲೆಗೆ ರಜೆ ಇದ್ದ ಹಿತಾ ಬ್ರೆಡ್ಡಿಗೆ ಸವರಿಕೊಂಡು ಡಬ್ಬಿಯನ್ನು ಕಿಟಕಿಯ ಪಕ್ಕದಲ್ಲೇ ಬಿಟ್ಟಿದ್ದಳು. ಚಾಮುಂಡೇಶ್ವರಿ ದೇವರ ಮುಂದೆ ಸಹಸ್ರನಾಮದ ನಡುವಿನಲ್ಲಿದ್ದರು, ಏಳುವಂತಿರಲಿಲ್ಲ. ನಾರ್ಬರ್ಟ್ ಬಂದರು, ಕೂತರು, ಕಣ್ಣು ಹಾಯಿಸಿದರು.

ಡಬ್ಬಿಯಲ್ಲಿ ಒಂದು ಬೆರಳಿನಷ್ಟು ಎಣ್ಣೆ ತಿಳಿಯಾಗಿ ನಿಂತಿತ್ತು. ಅದರಲ್ಲಿ ಕಿಟಕಿಯ ಪ್ರತಿಬಿಂಬ ಸಹ ಕಾಣುತ್ತಿತ್ತು.

"ಮೂರ್ತಿಯವರೇ, ಇದೆಂತ ಇದು?"

"ಯಾವುದು?"

"ಎಣ್ಣೆ! ಇದರಲ್ಲಿ ಎಣ್ಣೆ ಬರುದೇ ಇಲ್ಲ ಅಂತ ಹೇಳಿದ್ದು ನೀವಲ್ಲವಾ? ತೊಂಬತ್ತು ವರ್ಷದಿಂದ ಬರಲಿಲ್ಲ ಅಂತ?"

ಹಿತಾ ಬ್ರೆಡ್ಡಿನಿಂದ ತಲೆ ಎತ್ತಿ, "ಬಟ್ ಅಂಕಲ್, ದಟ್ಸ್ ನಾಟ್ ರಿಯಲಿ..." ಅಂದಳು.

"ಹೋಮ್‌ವರ್ಕ್!" ಅಂದರು ಮೂರ್ತಿಗಳು.

"ಅಪ್ಪಾ, ಇಟ್ಸ್ ಸಮ್ಮರ್ ವೆಕೇಶನ್."

"ವೆಕೇಶನ್ ಹೋಮ್‌ವರ್ಕ್!"

ಮಗಳು ಹೋದಳು. ಮೂರ್ತಿಗಳ ಎದುರಿಗೆ ಎರಡು ದಾರಿಗಳಿದ್ದವು. ಒಂದು ಸತ್ಯದ್ದು, ಬಹಳ ಹತ್ತಿರದ್ದು. ಅವರು ಬಳಸುದಾರಿ ಹಿಡಿದರು. "ನಾನೂ ಅದನ್ನೇ ನೋಡ್ತಾ ಇದ್ದೆ ಕಣ್ರೀ. ನಿಮ್ಮ ಅಂಗಡೀಲೇ ತಗೊಂಡಿದ್ದು. ಹೇಳಿದ್ರೆ ನೀವು ಬೇಜಾರು ಮಾಡ್ಕೋತೀರೇನೋ ಅಂತ ಸುಮ್ನಿದ್ದೆ."

ನಾರ್ಬರ್ಟ್ ಮುಖದ ಬಣ್ಣ ಹೋಯಿತು. ಅವರು ಜೇಬಿನಿಂದ ಕರವಸ್ತ್ರ ತೆಗೆದು, ಕೊಲೆಯಾದ ಜಾಗದಿಂದ ಚೂರಿ ಎತ್ತುವ ಪೊಲೀಸಿನವರ ಹಾಗೆ ಡಬ್ಬಿಯನ್ನು ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ಮೂರ್ತಿಗಳು ಸಮಾಧಾನದಿಂದ ಎರಡೂ ಲೋಟ ಕಾಫಿ ಕುಡಿದರು. ಬಹಳವೆಂದರೆ ಒಂದು ಹೊಸ ಡಬ್ಬಿ ಪುಕ್ಕಟೆ ಬರಬಹುದು ಎಂದುಕೊಂಡರು.

ಬಂದದ್ದು ಎಲ್ಸಿ, ಭಾನುವಾರ ಸಂಜೆ. ಕಣ್ಣು ಕೆಂಪಗಾಗಿತ್ತು.

"ಚಾಮುಂಡಕ್ಕ, ನಮ್ಮದು ಖಲಾಸ್ ಆಯ್ತು! ಇವರು ಅಂಗಡಿಯಲ್ಲಿ ಇದ್ದ ನಲವತ್ತೆಂಟು ಡಬ್ಬಿಯನ್ನೂ ಕೆಳಗಿಳಿಸಿ ಹೆಡ್ ಆಫೀಸಿಗೆ ರಿಪೋರ್ಟ್ ಹಾಕಿದ್ರಂತೆ. ಈಗ ಅಲ್ಲಿಂದ ಕೇಳ್ತಾರೆ, ನಿನ್ನ ವಿಭಾಗದಲ್ಲಿ ಹಾಳಾದ ಮಾಲು ಮಾರುವಾಗ ನೀನು ಎಂತ ಮಾಡ್ತಿದ್ದಿ ಅಂತ. ಬರುವ ಗುರುವಾರಕ್ಕೆ ಇವರ ಆರು ತಿಂಗಳ ಪ್ರೊಬೇಷನ್ ಮುಗಿಯುದು. ಪರ್ಮನೆಂಟ್ ಮಾಡುದಾ, ಊರಿಗೆ ಕಳಿಸುದಾ ಅಂತ ಆ ದಿನವೇ ಹೇಳುದು. ವೀಸಾ ಹೋದ್ರೆ ನಮ್ಮ ಮಗಳು ಶಾರನ್‌ನ ಶಾಲೆ ಎಂತ ಮಾಡ್ಲಿ ನಾನು?"

ಚಾಮುಂಡೇಶ್ವರಿ, "ಯಾವ ಡಬ್ಬಿ?" ಎಂದು ಕೇಳಿದರು. ನೀಲಿ ಮುಚ್ಚಳ ಎಂದು ಗೊತ್ತಾದಾಗ ಮೆಲ್ಲಗೆ ಗಂಡನ ಕಡೆ ತಿರುಗಿದರು. ಮೂರ್ತಿಗಳು ಸೋಫಾದ ಒಂದು ಭಾಗವಾಗಲು ಪ್ರಯತ್ನಿಸುತ್ತಿದ್ದರು.

"ಏನ್ರೀ."

"ಹೇಳೋಣ ಅಂತಿದ್ದೆ."

"ನಾನು ಬೆವರು ಸುರಿಸಿ ರುಬ್ಬಿದ್ದನ್ನ ಅಮೆರಿಕದ್ದು ಅಂದ್ರಿ, ಹೋಗಲಿ. ಆಮೇಲೆ ಅದು ಕೆಟ್ಟುಹೋಗಿದೆ ಅಂತಾನೂ ಅಂದ್ರಾ?"

ಆಕೆಗೆ ಯಾವುದು ಹೆಚ್ಚು ನೋವಾಯಿತೆಂದು ನಾನು ಹೇಳಲಾರೆ. ಎಲ್ಸಿಗೆ ಮಾತ್ರ ಎಲ್ಲವೂ ಒಟ್ಟಿಗೇ ಅರ್ಥವಾಗಿ, "ಜೆಜು! ಮಿಕ್ಸಿಯದ್ದಾ?" ಎಂದು ಯೇಸುವನ್ನು ನೆನೆಯುತ್ತ ಬಾಗಿಲನ್ನೂ ಹಾಕದೆ ತಮ್ಮ ಮನೆಗೆ ಓಡಿದರು. ಗೋಡೆಯ ಆಚೆಯಿಂದ ನಾರ್ಬರ್ಟ್ ಧ್ವನಿ ಕೇಳಿಸಿತು. ಅದು ಕೊಂಕಣಿಯಲ್ಲಿತ್ತು. ಮೂರ್ತಿಗಳಿಗೆ ಕೊಂಕಣಿ ಬಾರದು, ಆದರೂ ಪ್ರತಿ ಶಬ್ದವೂ ತಿಳಿಯಿತು.

ಸೋಮವಾರ ಸಂಜೆ ಹೆಡ್ ಆಫೀಸಿನ ಗುಣಮಟ್ಟ ವಿಭಾಗದಿಂದ ಜುಬೈದ ಎಂಬ ಅಧಿಕಾರಿ ಬಂದರು. ಬಂಟ್ವಾಳ ಕಡೆಯವರು. ಕಪ್ಪು ಅಬಾಯಾ, ಕೈಯಲ್ಲಿ ಟ್ಯಾಬ್ಲೆಟ್, ಹೆಗಲಿಗೆ ಐಸ್ ಪೆಟ್ಟಿಗೆ. ಕೊಟ್ಟ ನೀರನ್ನು ಸಹ ಒಮ್ಮೆ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ನಾರ್ಬರ್ಟ್ ಬಾಗಿಲ ಬಳಿ ನಿಂತರು. ಮೂರ್ತಿಗಳ ಕಡೆ ನೋಡಲಿಲ್ಲ.

"ಮೂರು ದೋಷ ಉಂಟು," ಅಂದರು ಜುಬೈದ. "ಒಂದು, ಎಣ್ಣೆ. ಎರಡು, ಮುಚ್ಚಳದ ಮೇಲೆ ಎಕ್ಸ್‌ಪೈರಿ ತಾರೀಕು ಮುಗಿದು ವರ್ಷದ ಮೇಲಾಗಿದೆ. ಮೂರು, ಇದರಲ್ಲಿ ಜೀರಿಗೆ ಉಂಟು. ಅಮೆರಿಕದವರು ಜೀರಿಗೆ ಹಾಕುದಿಲ್ಲ. ನಮ್ಮ ಸಂಶಯ ಎಂತ ಅಂದ್ರೆ, ಯಾರೋ ನಕಲಿ ಮಾಲು ತಯಾರು ಮಾಡಿ ಹಳೇ ಡಬ್ಬಿಗೆ ತುಂಬಿಸ್ತಿದ್ದಾರೆ. ಇದರ ಹಿಂದೆ ದೊಡ್ಡ ಜಾಲವೇ ಇರಬಹುದು."

"ಆ ಜಾಲ ನಾನೇ ಕಣಮ್ಮ," ಅಂದರು ಚಾಮುಂಡೇಶ್ವರಿ, ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಮೂರ್ತಿಗಳು ಎದ್ದು ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ನಡೆದದ್ದನ್ನೆಲ್ಲ ಒಪ್ಪಿಸಿದರು. ಸತ್ಯವನ್ನು ತಡವಾಗಿ ಹೇಳುವುದರಲ್ಲಿ ಒಂದು ತೊಂದರೆಯಿದೆ: ಅಷ್ಟು ಹೊತ್ತಿಗೆ ಅದು ಸುಳ್ಳಿನಂತೆ ಕೇಳಿಸಲು ಶುರುವಾಗಿರುತ್ತದೆ.

ಜುಬೈದ ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದರು. "ಶನಿವಾರ ಅಂಗಡಿಯದ್ದು ಅಂದ್ರಿ. ಸೋಮವಾರ ಮನೆಯದ್ದು ಅಂತೀರಿ. ನಡುವೆ ಭಾನುವಾರ ನಾರ್ಬರ್ಟ್ ಅವರ ಮಿಸೆಸ್ ಇಲ್ಲಿ ಬಂದು ಅತ್ತು ಹೋಗಿದ್ದಾರೆ. ಇದನ್ನು ನಾನು ಹೇಗೆ ಬರೀಬೇಕು?"

"ಅಯ್ಯೋ ತಾಯಿ, ನಮ್ಮ ಕಪಾಟು ನೋಡಮ್ಮ!" ಎಂದು ಚಾಮುಂಡೇಶ್ವರಿ ಒಂದೊಂದೇ ಡಬ್ಬಿ ತೆರೆದು ತೋರಿಸಿದರು. ಕಾಫಿಯಿಂದ ಸಾಸಿವೆ ಬಂತು, ಶರಬತ್ತಿನಿಂದ ರಂಗೋಲಿ ಬಂತು. ಜುಬೈದ ಅವರ ತುಟಿಯ ತುದಿ ಒಂದು ಕೂದಲೆಳೆಯಷ್ಟು ಸಡಿಲವಾಯಿತು.

"ನಮ್ಮ ಉಮ್ಮನದ್ದೂ ಇದೇ ಕಥೆ. ನನಗೆ ಗೊತ್ತಾಗ್ತದೆ. ಆದ್ರೆ ಅಲ್ಲಿ ಮೂವತ್ತನೇ ಮಾಳಿಗೆಯಲ್ಲಿ ಕೂತ ನಮ್ಮ ಬಾಸ್‌ಗೆ ಗೊತ್ತಾಗುದಿಲ್ಲ. ಅವರ ಮನೆಯಲ್ಲಿ ಕಾಫಿ ಡಬ್ಬಿಯಲ್ಲಿ ಕಾಫಿಯೇ ಇರುದು. ಪ್ರೂಫ್ ಬೇಕು. ನನ್ನ ಕಣ್ಣೆದುರು ರುಬ್ಬಿ."

ಚಾಮುಂಡೇಶ್ವರಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಬೀಜ ಹುರಿದಾಯಿತು, ಮಿಕ್ಸಿ ಕೂಗಿತು, ಮಹಡಿಯ ಮನೆಗಳ ಬಾಗಿಲುಗಳೆಲ್ಲ ತೆರೆದವು. ಅರ್ಧ ಗಂಟೆಯಲ್ಲಿ ಬೆಚ್ಚಗಿನ ಮುದ್ದೆ ಗಾಜಿನ ಬಾಟಲಿಯಲ್ಲಿ ಬಂದು ಕೂತಿತು. ಎಲ್ಲರೂ ಬಗ್ಗಿ ನೋಡಿದರು. ನುಣ್ಣಗೆ, ಹೊಳೆಯುತ್ತ, ಒಂದೇ ಮೈಯಾಗಿ, ಕ್ಯಾಲಿಫೋರ್ನಿಯಾದ ಆ ಪುಣ್ಯಾತ್ಮನೇ ಕಂಡಿದ್ದರೆ ಕೈಮುಗಿಯುವಂತಿತ್ತು. ಎಣ್ಣೆ ಮಾತ್ರ ಇರಲಿಲ್ಲ.

"ಎಣ್ಣೆ ಎಲ್ಲಿ?" ಅಂದರು ಜುಬೈದ.

"ಅದು ಈಗಲೇ ಬರಲ್ಲಮ್ಮ. ಎರಡು ದಿನ ಸುಮ್ನೆ ಕೂತ್ರೆ ತಾನಾಗಿ ಬರುತ್ತೆ."

ಜುಬೈದ ಬಾಟಲಿಯ ಬಾಯಿಗೆ ಅಂಟುಪಟ್ಟಿ ಸುತ್ತಿ, ಅದರ ಮೇಲೆ ಸಹಿ ಹಾಕಿ, ಮೊಹರು ಒತ್ತಿದರು. "ಬುಧವಾರ ಸಂಜೆ ಆರಕ್ಕೆ ಬರ್ತೇನೆ. ಎಣ್ಣೆ ಬಂದ್ರೆ ನಾರ್ಬರ್ಟ್ ಉಳಿದ್ರು. ಬಾರದಿದ್ರೆ, ಅಂಗಡಿಯಿಂದ ಹಾಳಾದ ಮಾಲು ಹೋದದ್ದು ನಿಜ ಅಂತ ಬರೀತೇನೆ. ಬಾಟಲಿಯನ್ನು ಯಾರೂ ಮುಟ್ಟಬಾರದು."

ಹೀಗೆ ಲೋಕದಲ್ಲಿ ವಿಚಿತ್ರವಾದ ಒಂದು ವ್ರತ ಆರಂಭವಾಯಿತು. ಎಣ್ಣೆ ಮೇಲೆ ಬಾರದಿರಲೆಂದು ಒಬ್ಬ ಅಮೆರಿಕದಲ್ಲಿ ತಲೆ ಕೆಡಿಸಿಕೊಂಡಿದ್ದ. ಅದು ಬರಲೆಂದು ಡಿಸ್ಕವರಿ ಗಾರ್ಡನ್ಸಿನ ಒಂದು ಮಹಡಿಯೇ ಕೈಮುಗಿದು ನಿಂತಿತು. ಚಾಮುಂಡೇಶ್ವರಿ ಬಾಟಲಿಯನ್ನು ದೇವರ ಮಂಟಪದ ಪಕ್ಕದಲ್ಲಿಟ್ಟು ದೀಪ ಹಚ್ಚಿದರು. ಎಲ್ಸಿಯ ತಾಯಿ ಉರ್ಸುಲಾ ಬಾಯಿ, ವಿಸಿಟ್ ವೀಸಾದಲ್ಲಿ ಬಂದವರು, ಜಪಮಾಲೆ ಹಿಡಿದು ಬಂದು ಸಂತ ಅಂತೋನಿಯವರಿಗೆ ಮೊರೆಯಿಟ್ಟರು.

"ಅಮ್ಮಾ, ಅವರು ಕಳೆದುಹೋದದ್ದನ್ನು ಹುಡುಕಿ ಕೊಡುವ ಸಂತರಲ್ಲವಾ?" ಅಂದರು ಎಲ್ಸಿ.

"ಎಣ್ಣೆ ಅದರೊಳಗೆ ಕಳೆದುಹೋಗಿದೆ ಮಗಾ. ಹುಡುಕಿ ಕೊಡ್ತಾರೆ."

ಮಂಗಳವಾರ ಬೆಳಿಗ್ಗೆ ಎಣ್ಣೆ ಇಲ್ಲ. ಮಧ್ಯಾಹ್ನ ಮೂರ್ತಿಗಳು ಆಫೀಸಿನಿಂದ ಏಳು ಸಲ ಫೋನು ಮಾಡಿ, "ಬಂತಾ?" ಎಂದು ಕೇಳಿದರು. ಎಂಟನೆಯ ಸಲಕ್ಕೆ ಪಕ್ಕದ ಕುರ್ಚಿಯ ಕ್ಲಾರೆನ್ಸ್ ಎದ್ದುಬಂದು, "ಕಂಗ್ರಾಜುಲೇಶನ್ಸ್ ಮೂರ್ತಿ, ಈ ವಯಸ್ಸಲ್ಲಿ! ಹೆರಿಗೆ ಯಾವ ಆಸ್ಪತ್ರೆಯಲ್ಲಿ?" ಎಂದು ಕೈ ಕುಲುಕಿದರು. ತಿದ್ದಲು ಹೋದರೆ ಇಡೀ ಕಥೆ ಹೇಳಬೇಕಾಗುತ್ತಿತ್ತು. ಮೂರ್ತಿಗಳು ಕೈ ಕುಲುಕಿಸಿಕೊಂಡು ಕೂತರು.

ಮನೆಗೆ ಬಂದರೆ ಆಗಲೂ ಎಣ್ಣೆ ಇಲ್ಲ. "ಏಸಿ ತಂಪಿಗೆ ಹಿಡ್ಕೊಂಡಿದೆ," ಎಂದು ಚಾಮುಂಡೇಶ್ವರಿ ತೀರ್ಮಾನಿಸಿ ಏಸಿ ಆರಿಸಿದರು. ಆಗಸ್ಟಿನ ದುಬೈನಲ್ಲಿ ಏಸಿ ಆರಿಸುವುದು ಒಂದು ಬಗೆಯ ಅಗ್ನಿಪರೀಕ್ಷೆ. ಹತ್ತು ನಿಮಿಷದಲ್ಲಿ ಉರ್ಸುಲಾ ಬಾಯಿ ಬೀಸಣಿಗೆಗೆ ಕ್ಯಾಲೆಂಡರ್ ಕೇಳಿದರು. ಇಪ್ಪತ್ತು ನಿಮಿಷದಲ್ಲಿ ಬಾಟಲಿಯಿಂದ ಬರಬೇಕಾದ ಎಣ್ಣೆಗಿಂತ ಹೆಚ್ಚು ಬೆವರು ಮೂರ್ತಿಗಳ ಮೈಯಿಂದ ಇಳಿದಿತ್ತು. ಕೆಳಗಿನ ವಾಚ್‌ಮನ್ ಸಹ ಸುದ್ದಿ ತಿಳಿದು ಮೇಲೆ ಬಂದು ಬಾಗಿಲಲ್ಲಿ ತಲೆ ಹಾಕಿ, "ತೇಲ್ ಆಯಾ, ಸಾಬ್?" ಎಂದ. "ಮಾಫಿ," ಎಂದು ಮೂರ್ತಿಗಳು ಅರಬ್ಬಿಯಲ್ಲೇ ಇಲ್ಲವೆಂದರು. ಅವನು ನಿಟ್ಟುಸಿರುಬಿಟ್ಟು ಹೋದ.

ನಾರ್ಬರ್ಟ್ ಮಾತ್ರ ಬರಲಿಲ್ಲ. ಎರಡು ದಿನದಿಂದ ಲಿಫ್ಟಿನಲ್ಲಿ ಸಿಕ್ಕರೂ ಮೂರ್ತಿಗಳ ಭುಜದ ಮೇಲಿನಿಂದ ಮಹಡಿಯ ನಂಬರು ನೋಡುತ್ತಿದ್ದರು.

ಬುಧವಾರ ಮೂರ್ತಿಗಳು ರಜೆ ಹಾಕಿದರು. ಕ್ಲಾರೆನ್ಸ್ ದಯೆಯಿಂದ, "ಇಂಥಾ ಹೊತ್ತಲ್ಲಿ ಹೆಂಡತಿಯ ಹತ್ತಿರ ಇರ್ಬೇಕು," ಎಂದು ಸಂದೇಶ ಕಳಿಸಿದರು. ನಾಲ್ಕು ಗಂಟೆಗೆ ಬಾಟಲಿ ಹಾಗೆಯೇ ಇತ್ತು. ಹಿತಾ ಬಂದು ಗಂಭೀರವಾಗಿ ಹೇಳಿದಳು: "ಅಪ್ಪಾ, ಲಿಫ್ಟ್ ದ ಟೇಪ್. ಜಸ್ಟ್ ಒನ್ ಸ್ಪೂನ್ ಆಫ್ ಆಯಿಲ್. ನೋಬಡಿ ವಿಲ್ ನೋ."

ಮೂರ್ತಿಗಳು ಅಂಟುಪಟ್ಟಿಯನ್ನು ನೋಡಿದರು. ಒಂದು ಮೂಲೆ ಬೆವರಿಗೋ ಏನೋ ಕೊಂಚ ಎದ್ದಿತ್ತು. ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆ ಇತ್ತು, ಎಂದಿನಂತೆ ಬೇರೆ ಯಾವುದೋ ಬಾಟಲಿಯಲ್ಲಿ. ಅವರು ಎದ್ದರು. ಅಡುಗೆಮನೆಯ ತನಕ ಹೋದರು. ಅಲ್ಲಿ ಹೆಂಡತಿ ನಿಂತಿದ್ದರು.

"ಏನು ಬೇಕಿತ್ತು?"

"ನೀರು," ಅಂದರು ಮೂರ್ತಿಗಳು. ಆ ವಾರ ಅವರು ಹೇಳಿದ ಸುಳ್ಳುಗಳಲ್ಲಿ ಇದೊಂದೇ ಯಾರಿಗೂ ಕೆಡುಕು ಮಾಡದ್ದು. ಎರಡು ಲೋಟ ನೀರು ಕುಡಿದು ಬಂದು ಬಾಟಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ಜೀವನದಲ್ಲಿ ಮೊದಲ ಬಾರಿಗೆ ಬಾಯಲ್ಲಿ ಏನೂ ಇಲ್ಲದೆಯೂ ಮಾತಾಡಲಿಲ್ಲ.

ಐದೂಕಾಲಿಗೆ ಬಾಟಲಿಯ ಅಂಚಿನಲ್ಲಿ, ಗಾಜು ಮತ್ತು ಮುದ್ದೆಯ ನಡುವೆ, ಏನೋ ಒಂದು ಮಿನುಗಿತು. ಕಣ್ಣೀರೆಂದುಕೊಂಡು ಮೂರ್ತಿಗಳು ಕನ್ನಡಕ ಒರೆಸಿಕೊಂಡು ನೋಡಿದರು. ಮಿನುಗು ಅಲ್ಲಿಯೇ ಇತ್ತು. ಐದೂವರೆಗೆ ಅದು ಉಂಗುರವಾಯಿತು. ಆರು ಹೊಡೆಯುವಾಗ ಉಂಗುರ ತುಂಬಿ ಕೆರೆಯಾಯಿತು.

"ಬಂತೂ!" ಎಂದು ಅವರು ಕೂಗಿದ್ದಕ್ಕೆ ಮಹಡಿಯ ಜನವೆಲ್ಲ ನುಗ್ಗಿಬಂತು. ಉರ್ಸುಲಾ ಬಾಯಿ ಶಿಲುಬೆಯ ಗುರುತು ಮಾಡಿದರು. ಚಾಮುಂಡೇಶ್ವರಿ ಅದೇ ದೀಪದಿಂದ ಆರತಿ ಎತ್ತಿದರು. ಆ ಗದ್ದಲದ ನಡುವೆಯೇ ಜುಬೈದ ಬಂದು, ಬೆವರು ಒರೆಸಿಕೊಳ್ಳುತ್ತ, ಮೊದಲು ಮೊಹರು ನೋಡಿದರು. ಎದ್ದಿದ್ದ ಮೂಲೆಯ ಮೇಲೆ ಬೆರಳು ನಿಲ್ಲಿಸಿ ಮೂರ್ತಿಗಳ ಮುಖ ನೋಡಿದರು. ಮೂರ್ತಿಗಳು ಕಣ್ಣು ತಗ್ಗಿಸಲಿಲ್ಲ. ಪಟ್ಟಿಯ ಮೇಲಿನ ಸಹಿಯ ಗೆರೆ ಎಲ್ಲಿಯೂ ಕದಲಿರಲಿಲ್ಲ. ಜುಬೈದ ಸ್ಕೇಲು ಹಿಡಿದು ಅಳೆದರು.

"ಐದು ಮಿಲಿಮೀಟರ್," ಅಂದರು. ಮುಚ್ಚಳ ತೆಗೆದು ಮೂಸಿದರು. "ಜೀರಿಗೆಯೂ ಅದೇ. ಸರಿ. ಮಾಲು ಮನೆಯದ್ದು. ಅಂಗಡಿಯದ್ದು ಎಂತದೂ ತಪ್ಪಿಲ್ಲ. ನಾರ್ಬರ್ಟ್, ನಾಳೆ ಡಬ್ಬಿಗಳನ್ನು ಪುನಃ ಮೇಲಿಡಿ. ನಿಮ್ಮ ಫೈಲಿಗೆ ಇದು ಒಳ್ಳೇದೇ ಆಗ್ತದೆ, ಸಂಶಯ ಬಂದ ಕೂಡಲೇ ಮಾಲು ಇಳಿಸಿದ್ರಲ್ಲ. ಈಗ ದೂರು ಕೊಟ್ಟವರು ಒಂದು ಹೇಳಿಕೆ ಬರೆದು ಕೊಡಬೇಕು."

ಬಾಗಿಲಲ್ಲಿದ್ದ ನಾರ್ಬರ್ಟ್ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟರು. ಎಲ್ಸಿ ಅಳುತ್ತ ನಗುತ್ತ ಅವರ ಬೆನ್ನು ತಟ್ಟಿದರು.

ಕಾಗದ ಕಂಡೊಡನೆ ಮೂರ್ತಿಗಳ ವೃತ್ತಿಧರ್ಮ ಜಾಗೃತವಾಯಿತು. ನಂಬರು ಹಾಕಿ, ತಾರೀಕು ಹಾಕಿ ಬರೆದರು: 'ಸಣ್ಣದೊಂದು ತಪ್ಪು ತಿಳಿವಳಿಕೆಯಿಂದಾಗಿ...'

"ಯಾರ ತಪ್ಪು ತಿಳಿವಳಿಕೆ?" ಅಂದರು ಚಾಮುಂಡೇಶ್ವರಿ, ಹಿಂದಿನಿಂದ ಓದುತ್ತ.

ಮೊದಲನೆಯ ತಿದ್ದುಪಡಿ: 'ಮನೆಯಲ್ಲಿ ತಯಾರಾದ ಪದಾರ್ಥವು ಆಮದು ಪದಾರ್ಥವೆಂದು ಭಾವಿಸಲ್ಪಟ್ಟು...'

"ಯಾರು ಭಾವಿಸಿದ್ದು? ಆ ಡಬ್ಬೀನಾ?"

ಎರಡನೆಯ ತಿದ್ದುಪಡಿ ಅರ್ಧಕ್ಕೇ ನಿಂತಿತು. ಮೂರನೆಯದರಲ್ಲಿ ಹೀಗಿತ್ತು: 'ಇದನ್ನು ನನ್ನ ಹೆಂಡತಿ ಚಾಮುಂಡೇಶ್ವರಿ ರುಬ್ಬಿದ್ದು. ಚೆನ್ನಾಗಿದೆ. ನಾನು ಜಂಬಕ್ಕೆ ಅಮೆರಿಕದ್ದು ಅಂದೆ. ಆ ಜಂಬ ಬಿಡಲಾರದೆ ನಾರ್ಬರ್ಟ್ ಅವರ ಅಂಗಡಿಯದ್ದು ಎಂದು ಸುಳ್ಳು ಹೇಳಿದೆ.' ಆಕೆ ಓದಿ, "ಹ್ಞೂಂ," ಅಂದರು. ಆ ಮನೆಯಲ್ಲಿ ಅದೇ ಅಂತಿಮ ಮಂಜೂರಾತಿ.

ಕೆಳಗೆ ಇನ್ನೊಂದು ಖಾನೆ ಉಳಿದಿತ್ತು. "ದೂರುದಾರರಿಗೂ ನಮ್ಮ ನೌಕರರಿಗೂ ಸಂಬಂಧ ಎಂತ ಅಂತ ಬರೀಬೇಕು," ಎಂದರು ಜುಬೈದ.

ಮೂರ್ತಿಗಳ ಪೆನ್ನು ಕಾಗದದ ಮೇಲೆ ನಿಂತಿತು. ಅವರು ನೆಲದ ಮೇಲೆ ಕೂತಿದ್ದ ನಾರ್ಬರ್ಟ್ ಕಡೆ ತಿರುಗಿ, ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು: "ಏನಂತ ಬರೀಲಿ? ಪಕ್ಕದ ಮನೆಯವರು ಅಂತ ಬರೀಲಾ, ಸ್ನೇಹಿತರು ಅಂತ ಬರೀಲಾ?"

ನಾರ್ಬರ್ಟ್ ಮೂರು ದಿನದಲ್ಲಿ ಮೊದಲ ಸಲ ಅವರ ಮುಖವನ್ನೇ ನೋಡಿದರು.

"ಸ್ನೇಹಿತರು ಅಂತಲೇ ಬರೀರಿ ಮಾರಾಯ್ರೆ," ಅಂದರು. "ಆದ್ರೆ ಪಕ್ಕದಲ್ಲಿ ಒಂದು ಪ್ರೊಬೇಷನ್ ಅಂತ ಹಾಕಿ. ಆರು ತಿಂಗಳು."

ಮೂರ್ತಿಗಳು ಹಾಗೆಯೇ ಬರೆದು, ತಾರೀಕು ಸರಿಯಾಗಿದೆಯೇ ಎಂದು ಎರಡು ಸಲ ನೋಡಿ, ಸಹಿ ಹಾಕಿದರು.